‘ಯಾದ್ ವಶೇಮ್’ ಕಾದಂಬರಿಯಲ್ಲಿ ಹೆಸರಿನ ವಿಚಾರ

ನೇಮಿಚಂದ್ರ ಅವರ ‘ಯಾದ್ ವಶೇಮ್’ ಎಂಬ ಕಾದಂಬರಿಯು 2007ರಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಯೆಹೂದ್ಯರಿಗೆ ಒದಗಿದ ವಿನಾಶವನ್ನು ವಸ್ತುವಾಗಿ ಕೈಕೊಂಡ ಸ್ವತಂತ್ರ ಕಾದಂಬರಿಗಳು ನಮ್ಮ ಭಾಷೆಯಲ್ಲಿ ವಿರಳ. ಇದರ ಕರುಣರಸವನ್ನು ಮೆಚ್ಚಿದವರು ಅನೇಕರಿರುವುದರಿಂದ ಆ ಕಾರ್ಯವನ್ನು ನಾವು ಪುನಃ ಮಾಡಬೇಕಾದುದಿಲ್ಲ. ಗ್ರಂಥಕ್ಕಿಟ್ಟ ಹೆಸರು, ಗ್ರಂಥದೊಳಗಣ ನಾಯಿಕೆಯ ಹೆಸರು, ಇವೆರಡನ್ನು ಹಿಡಿದು ಕೊಂಚ ವಿಚಾರಮಾಡುವುದಷ್ಟೇ ನಮ್ಮ ಉದ್ದೇಶ.

ಬರ್ಲಿನ್ನಿನ ಬಾಲಿಕೆ ಹ್ಯಾನಾ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರಿಗೆ ಬರುತ್ತಾಳೆ. ತಂದೆಯು ತೀರಿಕೊಂಡ ಮೇಲೆ ನೆರೆಯ ಮುಸಲ್ಮಾನ ಕುಟುಂಬದ ಆಶ್ರಯದಲ್ಲಿ ಬೆಳೆಯುತ್ತಾಳೆ. ವಿವೇಕನನ್ನು ವರಿಸಿ ಅನಿತಾ ಎನಿಸಿಕೊಳ್ಳುತ್ತಾಳೆ. ಮುಪ್ಪಿನಲ್ಲಿ, ಹಿಂದೆ ಉಳಿದವರನ್ನರಸುತ್ತ ದಖಾವ್, ಆಂಸ್ಟರ್‌ಡ್ಯಾಂ, ವಾಷಿಂಗ್ಟನ್, ಜೆರೂಸಲೇಮುಗಳನ್ನು ಸುತ್ತುತ್ತಾಳೆ. ಕಥೆಯ ಈ ಬಂಧದಲ್ಲಿ ಒಂದು ವಿವೇಕವಿದೆ. ನಾಯಿಕೆಯು ಮೊದಲೇ ಹೊರಟುಬಂದವಳಾದ್ದರಿಂದ ಘೆಟ್ಟೋವಾಗಲಿ ಗಡೀಪಾರಿನ ರೈಲಾಗಲಿ ಅವಳ ಅನುಭವಕ್ಕೆ ಬಂದುದಲ್ಲ. ಕಾಗದಪತ್ರ, ಛಾಯಾಚಿತ್ರ, ಸಂಗ್ರಹಾಲಯಗಳ ಮೂಲಕ ತಡವಾಗಿ ತಿಳಿದುದು. ಕನ್ನಡ ಓದುಗನ ಸ್ಥಿತಿಯೂ ಅದೇ. ಕಾಣದುದನ್ನು ಕಂಡಂತೆ ಬರೆಯುವ ಆಸೆಯನ್ನು ಲೇಖಕಿಯು ಈ ಬಂಧದಿಂದಲೇ ತಡೆದುಕೊಂಡಂತಾಗಿದೆ. ಇದು ಪ್ರಶಂಸಾರ್ಹ.

ಹಿಂದೆ ಉಳಿದವರ ಗತಿಯೇನಾಯಿತೆಂಬುದು ಚರಿತ್ರೆಯಿಂದ ಬಲ್ಲ ವಿಷಯ. 1941ರ ಅಕ್ಟೋಬರ್ 18ರಂದು ಬರ್ಲಿನ್ನಿನಿಂದ ಮೊದಲ ಗಾಡಿಯು ಸಾವಿರಕ್ಕೂ ಮಿಕ್ಕ ಯೆಹೂದ್ಯರನ್ನು ತುಂಬಿಕೊಂಡು ಗ್ರೂನೆವಾಲ್ಡ್ ನಿಲ್ದಾಣವನ್ನು ಬಿಟ್ಟು ಲೋಡ್ಜ್ ನಗರದ ಘೆಟ್ಟೋಗೆ ಹೋಯಿತು. ಅದು ದನಗಳ ಗಾಡಿಯಲ್ಲ, ಪ್ರಯಾಣಿಕರ ಗಾಡಿ. ಕೈಯಲ್ಲಿ 50 ಕಿಲೋ ಸಾಮಾನಿಗೆ ಅನುಮತಿಯಿತ್ತು. ಮುಂದಾಗುವುದನ್ನು ಶಂಕಿಸದಂತೆ ಮಾಡಲು ಇಷ್ಟು ಸಾಕಾಗಿತ್ತು. ಆ ಘೆಟ್ಟೋವಿನಲ್ಲಿ ಸುಮಾರು 4 ಚದರ ಕಿಲೋಮೀಟರಿನೊಳಗೆ ಸುಮಾರು 1,60,000 ಜನರನ್ನು 1940ರ ಮೇ ತಿಂಗಳ ಆರಂಭದಲ್ಲಿಯೇ ಬೇಲಿಯೊಳಗೆ ಮುಚ್ಚಿದ್ದರು. 1942ರ ಜನವರಿಯಿಂದ ಅಲ್ಲಿಂದ ಖೆಲ್ಮ್ನೋವಿನ ಕೊಲೆಮನೆಗೆ ಗಾಡಿಗಳು ಹೊರಟವು. ಜರ್ಮನಿಯ ರೈಲ್ವೆ ಇಲಾಖೆಯು ಈ ಗಡೀಪಾರುಗಳಿಗೆ ಮೂಲದರವಾಗಿ ಮೂರನೆಯ ದರ್ಜೆಯ ದರದಂತೆ ಕಿಲೋಮೀಟರಿಗೆ 4 ಫೆನ್ನಿಗ್ ಬಾಡಿಗೆ ಕಟ್ಟಿತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್, ನಾಲ್ಕರೊಳಗಿನವರಿಗೆ ಉಚಿತ. ಕಾವಲುಗಾರರಿಗೆ ಹೋಗಿಬರುವ ಟಿಕೆಟ್. ಮಿಕ್ಕವರಿಗೆ ಹೋಗುವುದು ಮಾತ್ರ. ನಮ್ಮ ಸಖರಾಯಪಟ್ಟಣಕ್ಕೆ ರೈಲು ಬಂದುದೇ 2013ರಲ್ಲಿ, ಕಡೂರು–ಚಿಕ್ಕಮಗಳೂರು ಮಾರ್ಗವು ತೆರೆದಾಗ. ನೂರು ವರ್ಷ ಕಾದು ಪಡೆದ ಸೌಕರ್ಯವೆಂದು ರೈಲನ್ನು ನೋಡುವ ಊರಿನಲ್ಲಿ ಕುಳಿತು ಈ ಅರ್ಧ ಟಿಕೆಟ್ಟಿನ ಲೆಕ್ಕವನ್ನೋದುವವನಿಗೆ, ಗ್ರಂಥದಲ್ಲಿ ಕಣ್ಣೀರಿಗೆ ಕೊಟ್ಟ ಎಡೆಯಲ್ಲಿ ಕೊಂಚ ಭಾಗವನ್ನು ಇಂಥ ಒಣ ಲೆಕ್ಕಗಳಿಗೆ ಕೊಟ್ಟಿದ್ದರೆ ಬಲವು ಇನ್ನೂ ಹೆಚ್ಚುತ್ತಿತ್ತೆನಿಸುತ್ತದೆ.

ಶಬ್ದಗಳ ತೊಡಕೂ ಒಂದುಂಟು. ಈ ವಿನಾಶಕ್ಕೆ ಕನ್ನಡದಲ್ಲಿ ‘ನರಮೇಧ’ವೆಂಬ ಮಾತು ರೂಢಿಯಾಗಿದೆ. ಮೇಧವೆಂದರೆ ಯಜ್ಞ, ಯಜ್ಞಕ್ಕೆ ಯಜಮಾನನುಂಟು, ದೇವತೆಯುಂಟು, ಫಲವುಂಟು. ಇಲ್ಲಿ ಯಾವುದಿದ್ದಿತು? ಪಾಶ್ಚಾತ್ಯರ ‘ಹಾಲೋಕಾಸ್ಟ್’ ಎಂಬ ಮಾತಿಗೂ ಗ್ರೀಕಿನಲ್ಲಿ ಪೂರ್ಣಾಹುತಿಯೆಂದೇ ಮೂಲಾರ್ಥವಾದುದರಿಂದ, ದೋಷವು ನಮ್ಮೊಬ್ಬರದಲ್ಲ. ಹೀಬ್ರೂ ಭಾಷೆಯವರು ಇದನ್ನು ಬಿಟ್ಟು ‘ಶೋಆ’, ಎಂದರೆ ಉತ್ಪಾತ, ಎಂದು ಕರೆದುಕೊಂಡರು. ಹಾಗೆಯೇ ಘೆಟ್ಟೋವನ್ನು ‘ಕೇರಿ’ ಎಂದು ಭಾಷಾಂತರಿಸಲು ನಾಲಗೆ ತುಡಿಯುತ್ತದೆ. ಹುಟ್ಟಿನಿಂದ ಜನರನ್ನು ಬೇರ್ಪಡಿಸಿಟ್ಟ ಪಾಪವು ನಮಗೆ ಅಪರಿಚಿತವಲ್ಲವಾದ್ದರಿಂದ ಆ ಮಾತು ಓದುಗನನ್ನು ಸರಿಯಾಗಿಯೇ ಇರಿಯುತ್ತದೆ. ಆದರೆ ಕೇರಿಯು ತಲೆಮಾರುಗಳ ನೆಲೆ. ಯುದ್ಧಕಾಲದ ಘೆಟ್ಟೋವಾದರೋ ಮುಂದಿನ ಗಾಡಿಗಾಗಿ ಕೂಡಿಹಾಕಿದ ದೊಡ್ಡಿಯಾಯಿತು.

ಇನ್ನು ಶೀರ್ಷಿಕೆ. ಜೆರೂಸಲೇಮಿನಲ್ಲಿ 1953ರಲ್ಲಿ ಸ್ಥಾಪಿತವಾದ ಸ್ಮಾರಕದ ಈ ಹೆಸರು ಯೆಶಾಯನ ಗ್ರಂಥದ 56ನೆಯ ಅಧ್ಯಾಯದಿಂದ ಬಂದುದು. ಸಂತಾನವಿಲ್ಲದವರಿಗೆ ಅಳಿಯದ ಸ್ಮಾರಕವೂ ಹೆಸರೂ ದೊರೆಯುವುದೆಂಬ ವಾಗ್ದಾನ ಅಲ್ಲಿಯದು. ‘ಯಾದ್’ ಎಂದರೆ ಕೈ. ನೆಟ್ಟ ಕಲ್ಲೂ ಹೌದು. ಕಡೂರು ಸೀಮೆಯವರಿಗೆ ಈ ಶ್ಲೇಷೆಗೆ ಟೀಕೆ ಬೇಕಿಲ್ಲ: ನಮ್ಮ ಮಾಸ್ತಿಕಲ್ಲುಗಳಲ್ಲಿ ಕಂಬದಿಂದ ಎದ್ದುನಿಂತ ಬಳೆತೊಟ್ಟ ಕೈಯೇ ಸತ್ತವಳ ಗುರುತು. ರೈಸ್ ಅವರು ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಅಚ್ಚುಮಾಡಿಸಿದ ಸಂಪುಟದಲ್ಲಿ ವೀರಗಲ್ಲುಗಳೂ ಇವೆ. ಆದರೆ ನಮ್ಮ ಕಲ್ಲುಗಳು ಕಾದಿ ಬಿದ್ದವರಿಗೆ, ಇಲ್ಲವೆ ಗಂಡನೊಡನೆ ಬೆಂದವರಿಗೆ. ಸುಮ್ಮನೆ ಕೊಲ್ಲಲ್ಪಟ್ಟವರಿಗೆ ಕಲ್ಲು ನೆಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಜೆರೂಸಲೇಮಿನವರು ಸುಮಾರು 60 ಲಕ್ಷ ಮೃತರಲ್ಲಿ 48 ಲಕ್ಷಕ್ಕೂ ಮೀರಿ ಹೆಸರುಗಳನ್ನು ಕೂಡಿಸಿದ್ದು ಅಂಥವರಿಗಾಗಿ.

ಇಲ್ಲಿಯೇ ಕಾದಂಬರಿಯ ಅತ್ಯಂತ ಕಠಿನವಾದ ಪ್ರಶ್ನೆ ಅಡಗಿದೆ. ಹೆಸರನ್ನುಳಿಸುವುದೇ ಸ್ಮಾರಕದ ಧರ್ಮವಾದರೆ, ಹ್ಯಾನಾ ಅನಿತಾ ಆದುದು ಏನು? ಇವಳ ಹೆಸರನ್ನು ಯಾವ ಶತ್ರುವೂ ಅಳಿಸಲಿಲ್ಲ. ಪ್ರೀತಿಸಿದ ಮನೆಯಲ್ಲಿ ಅದು ಮರೆಯಾಯಿತು. ಲೇಖಕಿಯು ಈ ದೇಶದ ಔದಾರ್ಯವನ್ನು ಮನಸಾರೆ ಹಾಡಿದ್ದಾರೆ, ಹಾಡತಕ್ಕದ್ದೇ. ಆದರೆ ಆಶ್ರಯಕ್ಕೂ ಬೆಲೆಯುಂಟೆಂಬುದನ್ನು ಅವರು ಇನ್ನೂ ನಿಷ್ಠುರವಾಗಿ ಕೇಳಬಹುದಾಗಿತ್ತು. ಉತ್ತರಾರ್ಧದಲ್ಲಿ ಊರಿಂದೂರಿಗೆ ಸಾಗುವಾಗ ಕಥೆಯು ಪ್ರವಾಸಕಥನದ ಛಾಯೆಯನ್ನು ತಾಳುತ್ತದೆ. ಅಲ್ಲಿ ವ್ಯಯವಾದ ಪುಟಗಳಲ್ಲಿ ಕೆಲವು, ಬೆಂಗಳೂರಿನ ಅಡುಗೆಮನೆಯಲ್ಲಿ ನಿಂತ ಮುದುಕಿಯೊಬ್ಬಳು ತನ್ನ ಹಳೆಯ ಹೆಸರನ್ನು ತಾನೇ ಒಮ್ಮೆ ಉಚ್ಚರಿಸಿಕೊಳ್ಳುವುದಕ್ಕೆ ಸಲ್ಲಬೇಕಾಗಿದ್ದವು.