ಬೀಗವೂ ಬದಲಾಗುತ್ತದೆ

ಆಲಿವರ್ ಸ್ಯಾಕ್ಸ್ ಅವರ ‘ಅವೇಕನಿಂಗ್ಸ್’ ಎಂದರೆ ಹಲವರಿಗೆ ನೆನಪಾಗುವುದು 1990ರ ಸಿನಿಮಾ. ದಶಕಗಳಿಂದ ಕಲ್ಲಿನಂತೆ ಕುಳಿತಿದ್ದ ರೋಗಿಗಳು ಎಲ್-ಡೋಪಾ ಎಂಬ ಔಷಧಿಯಿಂದ ಎದ್ದು ಓಡಾಡುತ್ತಾರೆ, ಒಂದಷ್ಟು ದಿನ ಬದುಕುತ್ತಾರೆ, ಮತ್ತೆ ಕಲ್ಲಾಗುತ್ತಾರೆ. ನೋಡಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ 1973ರ ಪುಸ್ತಕದ ಕಥೆ ಇದಕ್ಕಿಂತ ಎಷ್ಟೋ ಗೋಜಲಿನದು. ಮೆದುಳಿನ ಡೋಪಮಿನ್ ಗ್ರಾಹಕಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಆ ಗೋಜಲೇ ಮುಖ್ಯ. (ಗ್ರಾಹಕ ಎಂದರೆ ಇಲ್ಲಿ ರಿಸೆಪ್ಟರ್. ಬ್ಯಾಂಕಿನವರ ‘ಗ್ರಾಹಕ’ರು ಬೇರೆ.)

ಪಠ್ಯಪುಸ್ತಕಗಳು ಗ್ರಾಹಕವನ್ನು ಬೀಗ ಎಂದೂ ನರವಾಹಕ ರಾಸಾಯನಿಕವನ್ನು ಕೀಲಿ ಎಂದೂ ವಿವರಿಸುತ್ತವೆ. ಕೀಲಿ ಕಡಿಮೆಯಾದರೆ ಕಾಯಿಲೆ, ಕೀಲಿ ಕೊಟ್ಟರೆ ಗುಣ. ಇದಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. 1950ರ ದಶಕದ ಕೊನೆಯಲ್ಲಿ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಅಲುಗಾಡದೆ ಬಿದ್ದವು. ರಿಸರ್ಪಿನ್ ನಮ್ಮ ಸರ್ಪಗಂಧದ ಬೇರಿನಲ್ಲಿರುವ ವಸ್ತು. ಎಲ್-ಡೋಪಾ ಕೊಟ್ಟಾಗ ಮೊಲಗಳು ಎದ್ದವು. ಸಿನಿಮಾ ಈ ಮೊಲಗಳ ಕಥೆಯನ್ನೇ ಮನುಷ್ಯರಿಗೆ ತೊಡಿಸಿದಂತಿದೆ.

ಸ್ಯಾಕ್ಸ್ ಕಂಡ ರೋಗಿಗಳು ಮೊಲಗಳಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಶುರುವಾಗಿ 1920ರ ದಶಕದವರೆಗೂ ಹಬ್ಬಿದ ‘ನಿದ್ರಾ ಜಾಡ್ಯ’ದಲ್ಲಿ ಬದುಕುಳಿದು, ಆಮೇಲೆ ಹೆಪ್ಪುಗಟ್ಟಿದಂತಾದವರು. 1969ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಅವರಿಗೆ ಎಲ್-ಡೋಪಾ ಸಿಕ್ಕಿತು. ಅಕ್ಷರದ ಹಲಗೆ ತೋರಿಸಿ ಮಾತಾಡುತ್ತಿದ್ದ ಲಿಯೊನಾರ್ಡ್ ಮೊದಲು ಹಿಗ್ಗಿದ, ಆತ್ಮಕಥೆ ಬರೆದ. ಆಮೇಲೆ ಉನ್ಮಾದ, ತಡೆಯಲಾಗದ ಚಲನೆಗಳು. ಮೊದಲು ಹಿತವಾಗಿದ್ದ ಔಷಧಿ ನಂತರ ಕಾಡತೊಡಗಿತು. ಕೀಲಿ ಅದೇ, ಹಾಗಾದರೆ ಬದಲಾದದ್ದೇನು?

ಉತ್ತರದ ಒಂದು ಭಾಗ ಗ್ರಾಹಕಗಳಲ್ಲಿದೆ. ಡೋಪಮಿನ್ ಬಹುಕಾಲ ಬಾರದಿದ್ದರೆ ಅದನ್ನು ಪಡೆಯಬೇಕಾದ ನರಕೋಶಗಳು ಅತಿಸೂಕ್ಷ್ಮವಾಗುತ್ತವೆ. ಬರಗಾಲದ ನೆಲಕ್ಕೆ ಒಮ್ಮೆಲೇ ಮಳೆ ಸುರಿದಂತೆ ಆಗ ಸ್ವಲ್ಪ ಬಂದರೂ ಅತಿಯಾಗುತ್ತದೆ. ಔಷಧಿ ಏರಿಳಿದಂತೆ ಕೋಶದ ಸ್ಪಂದನ ಮತ್ತೆ ಬದಲಾಗುತ್ತದೆ. ಎಂದರೆ ಈ ಬೀಗಕ್ಕೆ ತನ್ನದೇ ಚರಿತ್ರೆಯಿದೆ. ಕಾದು ಕುಳಿತ ವರ್ಷಗಳು ಅದರೊಳಗೆ ಗುರುತು ಬಿಟ್ಟಿರುತ್ತವೆ. ಇಪ್ಪತ್ತೊಂದನೇ ವಯಸ್ಸಿಗೆ, 1926ರಲ್ಲಿ ಕಾಯಿಲೆ ಬಿದ್ದ ರೋಸ್ ಎಚ್ಚೆತ್ತಾಗ, ಇದು 1969 ಎಂದು ಗೊತ್ತಿದ್ದೂ 1926ರಲ್ಲೇ ಇದ್ದಳು. ಅವಳ ಕಾಲಪ್ರಜ್ಞೆಯನ್ನು ಯಾವ ಗ್ರಾಹಕವೂ ವಿವರಿಸಲಾರದು. ಆದರೆ ಅವಳ ದೇಹವೂ ಕಳೆದ ಕಾಲದ ಲೆಕ್ಕ ಇಟ್ಟುಕೊಂಡಿತ್ತು ಎಂಬುದನ್ನು ಮರೆಯಲಾಗುವುದಿಲ್ಲ.

ಸ್ಯಾಕ್ಸ್ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಪ್ರಮಾಣ ಹೊಂದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ವೈದ್ಯರ ನಂಬಿಕೆಯನ್ನು ಅವರು ಪ್ರಶ್ನಿಸಿದ್ದು ಸರಿ. ಆದರೆ ಆ ಭರದಲ್ಲಿ ರಸಾಯನಶಾಸ್ತ್ರವೇ ಯಾಂತ್ರಿಕ, ಕಥನವೊಂದೇ ಜೀವಂತ ಎಂಬಂತೆ ಬರೆಯುತ್ತಾರೆ. ಲೈಬ್ನಿಟ್ಸ್‌ನನ್ನು ಕರೆತರುವಷ್ಟು ಉತ್ಸಾಹದಿಂದ ಕೋಶದ ಕಡೆ ತಿರುಗುವುದಿಲ್ಲ. ಅವರ ಪರವಾಗಿ ಒಂದು ಮಾತು: ಡೋಪಮಿನ್ ಗ್ರಾಹಕಗಳನ್ನು ಡಿ1, ಡಿ2 ಎಂದು ವಿಂಗಡಿಸಿದ್ದೇ 1979ರಲ್ಲಿ. ಈಗ ಐದು ಬಗೆ ಗೊತ್ತಿವೆ. ರಸಾಯನವೂ ಅವರ ಕಡೆಯೇ ಸಾಕ್ಷಿ ಹೇಳುತ್ತಿತ್ತು, ಕರೆಯುವ ಹೊತ್ತು ಇನ್ನೂ ಬಂದಿರಲಿಲ್ಲ.

ಇಂದು ನಮಗೆ ಆ ವಿನಾಯಿತಿ ಇಲ್ಲ. ಆದರೂ ಖಿನ್ನತೆಯೆಂದರೆ ಸೆರೊಟೋನಿನ್ ಕೊರತೆ, ಚಟವೆಂದರೆ ಡೋಪಮಿನ್ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಬರಹಗಳು ಕನ್ನಡದಲ್ಲೂ ಸಾಕಷ್ಟಿವೆ. ಮಾತ್ರೆ ನುಂಗಿಯೂ ಗುಣವಾಗದವರು ಅವನ್ನು ಓದಿ ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ. ಸ್ಯಾಕ್ಸ್‌ರನ್ನು ಹೊಸದಾಗಿ ಓದುವವರು ತಾತ್ವಿಕ ಅಧ್ಯಾಯಗಳನ್ನು ಬದಿಗಿಟ್ಟು ರೋಸ್, ಲಿಯೊನಾರ್ಡ್‌ರಿಂದ ಶುರುಮಾಡಲಿ. ಅಡಿಟಿಪ್ಪಣಿಗಳನ್ನು ಮಾತ್ರ ಬಿಡಬಾರದು.