ನಾಯಿಗಳ ತಟ್ಟೆ ತೊಳೆದವರು ಯಾರು?

ಮನೆಯೊಳಗೆ ಮೂರು ನಾಲ್ಕು ನಾಯಿಗಳನ್ನಿಟ್ಟುಕೊಂಡು ಬಾಳಿದವರು ಬರೆದ ಪುಸ್ತಕಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಕಳೆದ ಮಳೆಗಾಲದಲ್ಲಿ ಅಂಥ ಎರಡನ್ನು ಒಂದರ ಬೆನ್ನಿಗೆ ಒಂದರಂತೆ ಓದಿದೆ. ಒಂದು, ಜೆರಾಲ್ಡ್ ಡರೆಲ್‌ನ ‘ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್’ (1956). ಇನ್ನೊಂದು, ಎಲಿಜಬೆತ್ ಮಾರ್ಷಲ್ ಥಾಮಸ್ ಅವರ ‘ದಿ ಹಿಡನ್ ಲೈಫ್ ಆಫ್ ಡಾಗ್ಸ್’ (1993). ಮೊದಲನೆಯದನ್ನು ಓದುತ್ತ ನಾನೊಬ್ಬನೇ ನಗುತ್ತಿದ್ದುದನ್ನು ಕೇಳಿ ನನ್ನಾಕೆ ಅಡಿಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ನಾಯಿಗಳ ಅನ್ನ ಕಲಸುವ ಸೌಟು ಹಾಗೆಯೇ ಇತ್ತು. ನಗು ಬರಿಸಿದ ಭಾಗವನ್ನು ಅವಳಿಗೂ ಓದಿ ಹೇಳಿದೆ. ಅವಳೂ ನಕ್ಕಳು. ನಕ್ಕಾದ ಮೇಲೆ, “ಅಲ್ಲ ಮಾರಾಯ್ರೆ, ಇಷ್ಟು ನಾಯಿಗಳಿಗೆ ಅನ್ನ ಬೇಯಿಸಿದ್ದು ಯಾರು? ಅದು ಬರೆದಿದೆಯಾ ಅದರಲ್ಲಿ?” ಎಂದು ಕೇಳಿದಳು.

ನಾನು ಪುಟ ತಿರುವಿ ನೋಡಿದೆ. ಆ ಕುಟುಂಬದ ತಾಯಿ ಅಡಿಗೆ ಮಾಡುತ್ತಿದ್ದುದು ಪುಸ್ತಕದಲ್ಲಿದೆ. ನಾಯಿಗಳ ಊಟ ಮಾತ್ರ ಒಂದು ಪ್ರಸಂಗವಾಗುವಷ್ಟು ಜಾಗ ಪಡೆದಿಲ್ಲ. ಸಾಹಿತ್ಯ ವಿಮರ್ಶೆಯೆಂದರೆ ವಸ್ತು, ತಂತ್ರ, ಭಾಷೆ, ಧ್ವನಿ ಎಂದು ಮಾತಾಡುವುದು ರೂಢಿ. ಅನ್ನ ಯಾರು ಬೇಯಿಸಿದರೆಂದು ಕೇಳುವುದು ವಿಮರ್ಶೆಯೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಾಯಿಗಳ ಮನೆಯ ಬಗ್ಗೆ ಬರೆದ ಪುಸ್ತಕಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ ಅದೇ ಎಂದು ನನಗೆ ಈಗ ತೋರುತ್ತಿದೆ. ಕಾರಣವನ್ನು ನಮ್ಮ ಮನೆಯಿಂದಲೇ ಹೇಳುತ್ತೇನೆ, ಓದುಗರು ಮನ್ನಿಸಬೇಕು.

ಠಾಣೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಎರಡು ಕೋಣೆಯ ಬಿಡಾರದಲ್ಲಿ, ನಾವಿಬ್ಬರು ಮತ್ತು ಮೂರು ನಾಯಿಗಳು. ಕರಿಯನನ್ನು ಮಗ ರಸ್ತೆಯಿಂದ ತಂದ. ಮೋತಿ ನೆರೆಯವರು ಊರು ಬಿಟ್ಟು ಹೋಗುವಾಗ ಬಿಟ್ಟುಹೋದದ್ದು. ಬೆಳ್ಳಿ ತಾನಾಗಿ ಮೆಟ್ಟಿಲು ಹತ್ತಿ ಬಂದವಳು. ಒಂದು ನಾಯಿಯ ಕೆಲಸವನ್ನು ಮೂರರಿಂದ ಗುಣಿಸಿದರೆ ಮೂರು ನಾಯಿಗಳ ಕೆಲಸ ಸಿಕ್ಕುತ್ತದೆ ಎಂದುಕೊಂಡವರು ಸಾಕಿ ನೋಡಬೇಕು. ಕರಿಯ ಗಬಗಬನೆ ತನ್ನದನ್ನು ಮುಗಿಸಿ ಮೋತಿಯ ತಟ್ಟೆಗೆ ಬಾಯಿ ಹಾಕುತ್ತಾನೆ. ಮುದಿ ಮೋತಿ ಗುರ್ರೆನ್ನುತ್ತಾನೆ. ಬೆಳ್ಳಿ ಹೆದರಿ ಊಟ ಬಿಟ್ಟು ಮಂಚದ ಕೆಳಗೆ ಸೇರುತ್ತಾಳೆ. ಆದ್ದರಿಂದ ಒಂದು ತಟ್ಟೆ ಅಡಿಗೆಮನೆಯಲ್ಲಿ, ಒಂದು ಗ್ಯಾಲರಿಯಲ್ಲಿ, ಒಂದು ಬಚ್ಚಲಿನ ಬಾಗಿಲಲ್ಲಿ. ಮೂರೂ ಒಂದೇ ಹೊತ್ತಿಗೆ ಇಡಬೇಕು, ಒಂದೇ ಹೊತ್ತಿಗೆ ಎತ್ತಬೇಕು. ನಮ್ಮ ಸಾರು ಪಲ್ಯ ಉಳಿದರೆ ಅವಕ್ಕೆ ಹಾಕುವಂತಿಲ್ಲ, ಏಕೆಂದರೆ ನೀರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತದೆ. ಹಾಗಾಗಿ ಬೇರೆಯೇ ಪಾತ್ರೆ, ಬೇರೆಯೇ ಅಡಿಗೆ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಕೆಳಗಿಳಿಸಿ ಹತ್ತಿಸಿದರೆ ಮೂವತ್ತಾರು ಒದ್ದೆ ಕಾಲುಗಳನ್ನು ಒರೆಸಬೇಕು. ಒರೆಸಿದ ಬಟ್ಟೆ ಒಣಗುವುದಿಲ್ಲ. ಉಣ್ಣಿ ಹುಡುಕುವುದು, ಕೂದಲು ಗುಡಿಸುವುದು, ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಮೂರನ್ನೂ ಒಯ್ಯುವುದು, ಸೊಸೈಟಿಯ ಕಾಗದಗಳಿಗೆ ಉತ್ತರ ಬರೆಯುವುದು, ಇವೆಲ್ಲ ಬೇರೆ. ಇದರಲ್ಲಿ ಕಾಗದ ಬರೆಯುವ ಕೆಲಸ ನನ್ನದು.

ಈಗ ಪುಸ್ತಕಗಳಿಗೆ ಬರೋಣ.

ಡರೆಲ್ ಹುಟ್ಟಿದ್ದು 1925ರಲ್ಲಿ, ನಮ್ಮ ಜಮ್‌ಷೆಡ್‌ಪುರದಲ್ಲಿ. ತಂದೆ ಎಂಜಿನಿಯರು, 1928ರಲ್ಲಿ ತೀರಿಕೊಂಡರು. ತಾಯಿಯೂ ಭಾರತದಲ್ಲೇ ಹುಟ್ಟಿದವಳು. ನಾಲ್ವರು ಮಕ್ಕಳೊಡನೆ ಈ ವಿಧವೆ 1935ರಲ್ಲಿ ಗ್ರೀಸಿನ ಕಾರ್ಫು ದ್ವೀಪಕ್ಕೆ ಹೋಗಿ 1939ರವರೆಗೆ ಅಲ್ಲಿದ್ದಳು. ಆ ವರ್ಷಗಳ ಕತೆಯೇ ಈ ಪುಸ್ತಕ. ಗುಂಗುರು ಕೂದಲಿನ ಕರಿಯ ರೋಜರ್ ಇಂಗ್ಲೆಂಡಿನಿಂದಲೇ ಜೊತೆಗೆ ಬಂದವನು. ಆಮೇಲೆ ಎರಡು ಮರಿಗಳು ಬಂದವು. ಅವಕ್ಕೆ ವಿಡ್ಲ್ ಮತ್ತು ಪ್ಯೂಕ್ ಎಂದು ಹೆಸರಾಯಿತು. ಕನ್ನಡದಲ್ಲಿ ಹೇಳುವುದಾದರೆ ಒಂದು ಉಚ್ಚೆ ಹೊಯ್ಯುವವ, ಇನ್ನೊಂದು ವಾಂತಿ ಮಾಡುವವ. ಹೆಸರು ಕೇಳಿ ಎಲ್ಲರೂ ನಗುತ್ತೇವೆ. ಆ ಹೆಸರು ಬರುವಂತೆ ಮಾಡಿದ ಎರಡು ಪದಾರ್ಥಗಳನ್ನು ನೆಲದಿಂದ ಯಾರೋ ಒರೆಸಿದ್ದಾರೆ ಎಂಬುದು ಆ ನಗುವಿನಲ್ಲಿ ಮರೆತುಹೋಗುತ್ತದೆ.

ನಾಲ್ಕನೆಯದು ಡೋಡೋ. ತಾಯಿ ತನಗಾಗಿ ಕೊಂಡ ಗಿಡ್ಡಕಾಲಿನ ಹೆಣ್ಣುನಾಯಿ. ಅದರ ಹಿಂಗಾಲಿನ ಕೀಲು ಆಗಾಗ ತಪ್ಪುತ್ತದೆ. ತಪ್ಪಿದಾಗ ಮನೆ ಹಾರಿಹೋಗುವಂತೆ ಅರಚುತ್ತದೆ. ತಾಯಿಯನ್ನು ಒಂದು ಗಳಿಗೆ ಬಿಟ್ಟಿರಲಾರದು. ಅದಕ್ಕೆ ಬೆದೆ ಬಂದಾಗ ಊರ ಗಂಡುನಾಯಿಗಳೆಲ್ಲ ಮನೆಗೆ ಮುತ್ತಿಗೆ ಹಾಕುತ್ತವೆ. ಒಂದು ಮರಿಯೂ ಹುಟ್ಟುತ್ತದೆ. ಮರಿಯ ಬಳಿ ಇರಬೇಕೋ ಯಜಮಾನಿಯ ಹಿಂದೆ ಹೋಗಬೇಕೋ ತಿಳಿಯದೆ ಡೋಡೋ ಪೇಚಾಡುವುದನ್ನು ನೋಡಲಾರದೆ, ಮರಿಯನ್ನು ಹೊತ್ತುಕೊಳ್ಳಲೆಂದೇ ಸೋಫಿಯಾ ಎಂಬ ಹುಡುಗಿಯನ್ನು ತಾಯಿ ಗೊತ್ತುಮಾಡುತ್ತಾಳೆ. ಮುಂದೆ ನಾಯಿಗಳು, ನಡುವೆ ತಾಯಿ, ಅವಳ ಕಾಲಬುಡದಲ್ಲಿ ಡೋಡೋ, ಹಿಂದೆ ದಿಂಬಿನ ಮೇಲೆ ಮರಿಯನ್ನಿಟ್ಟುಕೊಂಡು ಗಂಭೀರವಾಗಿ ನಡೆಯುವ ಸೋಫಿಯಾ. ನಾನು ನಕ್ಕದ್ದು ಈ ಮೆರವಣಿಗೆಗೇ. ಇದು ಹಾಸ್ಯ ಸಾಹಿತ್ಯದ ಉತ್ತಮ ತುಣುಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹತ್ತು ಹನ್ನೆರಡರ ಹುಡುಗನ ಕಣ್ಣಿಗೆ ಮನೆ ಹೇಗೆ ಕಂಡಿತೋ ಹಾಗೆ ಬರೆದಿದ್ದಾನೆ; ಆ ವಯಸ್ಸಿನಲ್ಲಿ ಊಟ ತಾನಾಗಿ ಬರುತ್ತದೆ, ನೆಲ ತಾನಾಗಿ ಶುಚಿಯಾಗುತ್ತದೆ.

ಆದರೆ ಬರೆಯುವಾಗ ಅವನು ಮೂವತ್ತು ದಾಟಿದವನು. ಅಲ್ಲಿ ನನಗೆ ಸ್ವಲ್ಪ ತಕರಾರಿದೆ. ಆ ಮನೆಯ ಕೆಲಸದವಳು ಲುಗಾರೆಟ್ಜಿಯಾ. ಬೆಳಗಿನ ಚಹಾ ತರುವಾಗಲೇ ತನ್ನ ಕಾಯಿಲೆಯ ವರದಿ ಒಪ್ಪಿಸುವವಳು. ಮೊದಲು ಹೊಟ್ಟೆಯದು, ಆಮೇಲೆ ಕಾಲಿನದು. ಅವಳು ಬಂದಾಗಲೆಲ್ಲ ನಮಗೆ ನಗು. ನಾಲ್ಕು ನಾಯಿಗಳಲ್ಲದೆ ಹುಡುಗ ಹಿಡಿದು ತಂದ ಹಾವು, ಹಕ್ಕಿ, ಚೇಳುಗಳೂ ಇದ್ದ ದೊಡ್ಡ ಬಂಗಲೆಯದು. ಅದನ್ನು ದಿನವೂ ಗುಡಿಸಿದವಳಿಗೆ ಕಾಲು ನೋಯದೆ ಇನ್ನೇನಾದೀತು? ಲೇಖಕ ಅವಳ ನೋವನ್ನು ಕಂಡಿದ್ದಾನೆ, ಅದನ್ನು ಅವಳ ಸ್ವಭಾವವೆಂದು ತಿಳಿದು ಬರೆದಿದ್ದಾನೆ. ನೋವಿಗೂ ನಾಯಿಗಳಿಗೂ ಇದ್ದಿರಬಹುದಾದ ಸಂಬಂಧ ಅವನಿಗೆ ಹೊಳೆದಿಲ್ಲ.

ಥಾಮಸ್ ಅವರ ಪುಸ್ತಕ ಬೇರೆ ಜಾತಿಯದು. ಅವರು ಮಾನವಶಾಸ್ತ್ರದ ಹಾದಿಯಿಂದ ಬಂದವರು. ಕಲಹಾರಿಯ ಬುಡಕಟ್ಟಿನವರ ನಡುವೆ ಇದ್ದು ಬರೆದ ಪುಸ್ತಕ (1959) ಪ್ರಸಿದ್ಧವಾಗಿದೆ. ಅದೇ ನೋಟವನ್ನು ಮನೆಯ ನಾಯಿಗಳ ಮೇಲೆ ತಿರುಗಿಸಿದರು. ಒಟ್ಟು ಹನ್ನೊಂದು ನಾಯಿಗಳು. ಯಾವುದನ್ನೂ ಪಳಗಿಸಲಿಲ್ಲ, ಎಲ್ಲಿ ಮಲಮೂತ್ರ ಮಾಡಬೇಕೆಂಬುದನ್ನೂ ಹಿರಿಯ ನಾಯಿಗಳನ್ನು ನೋಡಿ ಕಿರಿಯವು ಕಲಿತವು ಎನ್ನುತ್ತಾರೆ. ಇದು ನಿಜ, ಬೆಳ್ಳಿ ನಮ್ಮಲ್ಲಿ ಕಲಿತದ್ದು ಮೋತಿಯಿಂದಲೇ. ಮಿಶಾ ಎಂಬ ಹಸ್ಕಿ ನಾಯಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಸುಮಾರು 130 ಚದರ ಮೈಲಿ ಅಲೆಯುತ್ತಿದ್ದುದನ್ನು ಲೇಖಕಿ ಸೈಕಲ್ ಹತ್ತಿ ಹಿಂಬಾಲಿಸುತ್ತಾರೆ. ಕೊಲಾಬಾದಿಂದ ಮಾಹಿಮ್, ಸಾಯನ್‌ವರೆಗಿನ ನಮ್ಮ ಹಳೆಯ ಮುಂಬಯಿಯ ನಾಲ್ಕು ಪಟ್ಟಿಗೂ ಮಿಕ್ಕಿದ ಪ್ರದೇಶ! ನಾಯಿಗೆ ಬೇಕಾದುದೇನು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ: ಬೇರೆ ನಾಯಿಗಳ ಸಂಗ. ಮಿಶಾನನ್ನು ಅದರ ಒಡೆಯರು ಕರೆದೊಯ್ದ ಮೇಲೆ ಸಂಗಾತಿ ಮರಿಯಾ ಕಿಟಕಿಯ ಬಳಿ ಕಾದು ಕುಳಿತ ಪುಟಗಳನ್ನು ಓದುವಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಆದರೆ ಈ ಪುಸ್ತಕದಲ್ಲಿ ಒಂದು ಘಟನೆಯಿದೆ. ವಿವಾ ಎಂಬ ಡಿಂಗೊ ಜಾತಿಯ ಹೆಣ್ಣು ಮರಿಹಾಕುತ್ತದೆ. ಮನೆಯ ನಾಯಿಗಳಲ್ಲಿ ಮೇಲಿನ ದರ್ಜೆಯ ಕೋಕಿ ಆ ಮರಿಗಳನ್ನು ಕೊಲ್ಲುತ್ತದೆ. ಲೇಖಕಿ ಇದನ್ನು ತೋಳಗಳ ನಿಯಮದಿಂದ ವಿವರಿಸುತ್ತಾರೆ: ಹಿಂಡಿನಲ್ಲಿ ಹಿರಿಯ ಹೆಣ್ಣಿಗೆ ಮಾತ್ರ ಮರಿಹಾಕುವ ಅಧಿಕಾರ. ವಿವರಣೆ ತರ್ಕಬದ್ಧವಾಗಿದೆ, ಭಾಷೆ ಸಮಾಧಾನದ್ದು. ಆ ಸಮಾಧಾನವೇ ನನಗೆ ಒಗ್ಗಲಿಲ್ಲ. ಬಸುರಿ ನಾಯಿ ಸುಮಾರು ಅರವತ್ಮೂರು ದಿನಕ್ಕೆ ಈಯುತ್ತದೆಂದು ಮೊದಲೇ ಗೊತ್ತು, ಮನೆಯಲ್ಲಿ ಕೋಣೆಗಳಿವೆ, ಕೋಣೆಗಳಿಗೆ ಬಾಗಿಲುಗಳಿವೆ. ನಾಯಿಗಳ ಮನೆ ನಡೆಸುವುದೆಂದರೆ ಅರ್ಧಪಾಲು ಯಾವ ಬಾಗಿಲನ್ನು ಯಾವಾಗ ಹಾಕಬೇಕೆಂದು ನೆನಪಿಟ್ಟುಕೊಳ್ಳುವುದೇ ಆಗಿದೆ. ಮೋತಿಗೆ ಕಾಯಿಲೆಯಾದಾಗ ಹದಿನೈದು ದಿನ ನಮ್ಮ ಮನೆಯಲ್ಲಿ ಯಾರೂ ಬಾಗಿಲು ತೆರೆದಿಟ್ಟು ನಡೆದದ್ದಿಲ್ಲ. ಲೇಖಕಿ ಆ ಮನೆಯ ಯಜಮಾನಿಯೂ ಹೌದು, ವೀಕ್ಷಕಿಯೂ ಹೌದು. ಕಷ್ಟದ ಗಳಿಗೆಯಲ್ಲಿ ವೀಕ್ಷಕಿ ಮುಂದೆ ಬಂದು ಯಜಮಾನಿ ಹಿಂದೆ ಸರಿಯುತ್ತಾಳೆ.

ತೋಳಗಳ ಆ ನಿಯಮದ ಗತಿಯೂ ಸ್ವಾರಸ್ಯವಾಗಿದೆ. ಹಿಂಡಿನಲ್ಲಿ ಒಬ್ಬ ಸರದಾರ, ಉಳಿದವರು ಅವನಿಗೆ ತಗ್ಗಿದವರು ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದ್ದು ಡೇವಿಡ್ ಮೆಕ್ ಎಂಬ ವಿಜ್ಞಾನಿ 1970ರಲ್ಲಿ ಬರೆದ ಪುಸ್ತಕ. ಅದೇ ಮೆಕ್ 1999ರಲ್ಲಿ, ಕಾಡಿನ ತೋಳಗಳ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮಕ್ಕಳ ಸಂಸಾರ, ಸರದಾರಿಕೆಯ ಮಾತು ಅಲ್ಲಿಗೆ ಹೊಂದದು ಎಂದು ತಿದ್ದಿ ಬರೆದರು. ಥಾಮಸ್ ಪುಸ್ತಕ ಅದಕ್ಕೂ ಆರು ವರ್ಷ ಹಿಂದಿನದು. ಆ ತಿದ್ದುಪಡಿ ತಿಳಿದಿರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಬಾಗಿಲಿನ ಮಾತು ಮಾತ್ರ ಉಳಿಯುತ್ತದೆ.

ನಮ್ಮಲ್ಲಿ ಹೇಗೆ? ಹಲವು ನಾಯಿಗಳ ಮನೆ ಕನ್ನಡಕ್ಕೆ ಹೊಸದಲ್ಲ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಬೇಟೆನಾಯಿಗಳ ಹಿಂಡೇ ಇರುತ್ತಿತ್ತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಓದಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ನಾಯಿಗಳು ಕಾಡಿಗೆ ನುಗ್ಗುವಾಗ ಕಣ್ಣಿಗೆ ಕಟ್ಟುತ್ತವೆ. ಮನೆಗೆ ಮರಳಿದ ಮೇಲಿನ ಅವುಗಳ ಬದುಕಿಗಿಂತ ಬೇಟೆಯ ಓಟವೇ ನನ್ನ ನೆನಪಿನಲ್ಲಿ ಉಳಿದದ್ದು. ಆದರೆ ಮೂವತ್ತು ವರ್ಷಗಳ ನಂತರ ಅವರೇ ಬರೆದ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಹುಲಿಯ ಬರುತ್ತಾನೆ. ಒಂದೇ ನಾಯಿ, ಆದರೂ ಇಲ್ಲಿ ಅವನ ಮಾತು ಬರಲೇಬೇಕು. ಅವನ ಒಡೆಯ ಗುತ್ತಿ ಸಿಂಬಾವಿ ಹೆಗ್ಗಡೆಯವರ ದಲಿತ ಆಳು; ನಾಯಿಯಿಂದಾಗಿಯೇ ಊರಿಗೆ ನಾಯಿಗುತ್ತಿ. ತನಗೇ ಕೂಳಿನ ಭರವಸೆಯಿಲ್ಲದವನು ನಾಯಿಯನ್ನು ಸಾಕಿದ್ದಾನೆ. ಪ್ರೀತಿಸುವವನೂ ಕೂಳು ಹಾಕುವವನೂ ಅಲ್ಲಿ ಒಬ್ಬನೇ, ನಡುವೆ ಕೆಲಸದವಳಿಲ್ಲ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆ ಹುಲಿಯನನ್ನು ಕಿತ್ತುಕೊಂಡಾಗ ಗುತ್ತಿಯ ಸಂಕಟ ನಮ್ಮನ್ನು ತಟ್ಟುವುದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಡರೆಲ್‌ನ ನಾಯಿಗಳು ಡರೆಲ್‌ಗಿಂತ ಹೆಚ್ಚು ನಗಿಸಿಯಾವು; ಹುಲಿಯನಂತೆ ಮನಸ್ಸಿನಲ್ಲಿ ಕುಳಿತಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನ ಲೆಕ್ಕವನ್ನೂ ಒಪ್ಪಿಸಬೇಕು. ಈ ಮಾಸಿಕದಲ್ಲಿಯೇ ಹಿಂದೊಮ್ಮೆ ನಮ್ಮ ನಾಯಿಗಳ ಬಗ್ಗೆ ಒಂದು ಲಘು ಪ್ರಬಂಧ ಬರೆದಿದ್ದೆ. ಕರಿಯನ ಕಳ್ಳತನ, ಮೋತಿಯ ಮುನಿಸು, ಬೆಳ್ಳಿ ಮೆಟ್ಟಿಲು ಹತ್ತಿ ಬಂದ ರಾತ್ರಿ, ಎಲ್ಲವೂ ಅದರಲ್ಲಿದ್ದವು. ಕೆಲವರು ಮೆಚ್ಚಿ ಮಾತಾಡಿದರು. ಮೊನ್ನೆ ಅದನ್ನು ತೆಗೆದು ಓದಿದೆ. ಅದರಲ್ಲಿ ನನ್ನಾಕೆ ಎರಡು ಕಡೆ ಬರುತ್ತಾಳೆ, ಎರಡೂ ಕಡೆ ನಾಯಿಯನ್ನು ಗದರಿಸಲಿಕ್ಕೆ. ಈ ಹನ್ನೊಂದು ವರ್ಷಗಳಲ್ಲಿ ನಾವಿಬ್ಬರೂ ಜೊತೆಯಾಗಿ ಊರಿಗೆ ಹೋದದ್ದಿಲ್ಲ, ಮೂರು ನಾಯಿಗಳನ್ನು ಒಪ್ಪಿಕೊಳ್ಳುವವರು ಯಾರೂ ಸಿಕ್ಕಲಿಲ್ಲ. ಕುಂದಾಪುರದಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶಕ್ಕೆ ಹೋದದ್ದು ನಾನು. ಅವಳ ಅಕ್ಕನ ಮಗಳ ಮದುವೆಯಲ್ಲಿ ಹಂತಿಗೆ ಕುಳಿತು ಉಂಡದ್ದೂ ನಾನೇ. ಹೆಂಡತಿಯ ತವರಿನ ಶುಭಕಾರ್ಯಕ್ಕೆ ಹೆಂಡತಿಯಿಲ್ಲದೆ ಬಂದ ಅಳಿಯನನ್ನು ಎಲ್ಲರೂ ಉಪಚರಿಸಿದರು. “ಅವಳಿಗೆ ನಾಯಿ ಬಿಟ್ಟು ಬರಲಿಕ್ಕೆ ಮನಸ್ಸಿಲ್ಲ” ಎಂದು ನಾನು ಹೇಳಿದೆ, ಅವರು ನಕ್ಕರು. ಇದು ಆ ಪ್ರಬಂಧದಲ್ಲಿಲ್ಲ. ಡರೆಲ್‌ಗೆ ಹಾಕಿದ ತಕರಾರು ನನಗೂ ಅನ್ವಯಿಸುತ್ತದೆ, ಅವನ ಹಾಸ್ಯಶಕ್ತಿ ನನಗಿಲ್ಲವೆಂಬುದು ಬೇರೆ.

ಆಸಕ್ತರು ಎರಡೂ ಪುಸ್ತಕಗಳನ್ನು ಓದಬೇಕು. ಥಾಮಸ್ ಅವರದು ಚಿಕ್ಕದು, ಎರಡು ದಿನ ಸಾಕು. ಡರೆಲ್‌ನದನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಇನ್ನೂ ಚೆನ್ನ. ನನ್ನ ಪ್ರತಿ ಸದ್ಯಕ್ಕೆ ಎರವಲಿಗೆ ಇಲ್ಲ. ಅದು ನನ್ನಾಕೆಯ ದಿಂಬಿನ ಬಳಿ ಇದೆ, ರಾತ್ರಿ ನಾಲ್ಕು ನಾಲ್ಕು ಪುಟದಂತೆ ಓದುತ್ತಿದ್ದಾಳೆ. ಲುಗಾರೆಟ್ಜಿಯಾಳ ಕಾಲುನೋವಿನವರೆಗೆ ಬಂದಿದ್ದಾಳೆ. ಅಲ್ಲಿ ನಕ್ಕಳೋ ಇಲ್ಲವೋ ಗಮನಿಸಲಾಗಲಿಲ್ಲ; ಬೆಳ್ಳಿಯನ್ನು ಕೆಳಗಿಳಿಸುವ ಹೊತ್ತಾಗಿತ್ತು, ಹೊರಗೆ ಮಳೆ ಬೇರೆ.