ತೌಲನಿಕ ಧರ್ಮಾಧ್ಯಯನದ ಪಠ್ಯಕ್ರಮ: ಒಂದು ವಿವೇಚನೆ

ಧರ್ಮಗಳ ತೌಲನಿಕ ಅಧ್ಯಯನಕ್ಕೆ ಪಠ್ಯಕ್ರಮವನ್ನು ಯೋಜಿಸುವವರಿಗೆ ಎರಡು ಸುಲಭ ಮಾರ್ಗಗಳು ಗೋಚರಿಸುತ್ತವೆ. ಸರ್ವಧರ್ಮಗಳ ಸಾರವೂ ಒಂದೇ ಎಂದು ಸಾಮ್ಯಗಳನ್ನು ಪೋಣಿಸುತ್ತ ಹೋಗುವುದು ಒಂದು. ಸ್ವಧರ್ಮವೇ ಶ್ರೇಷ್ಠವೆಂದು ಮೊದಲೇ ನಿಶ್ಚಯಿಸಿ ಉಳಿದವುಗಳಲ್ಲಿ ನ್ಯೂನತೆಯನ್ನು ಅರಸುವುದು ಇನ್ನೊಂದು. ಮೊದಲನೆಯದರಿಂದ ವಿದ್ಯಾರ್ಥಿಯು ಪರಧರ್ಮವನ್ನು ಅರಿಯಲಾರ. ಎರಡನೆಯದರಿಂದ ತನ್ನದನ್ನೂ ಅರಿಯಲಾರ.

ಈ ಶಾಸ್ತ್ರದ ಪ್ರವರ್ತಕರಲ್ಲಿ ಅಗ್ರಗಣ್ಯನಾದ ಮ್ಯಾಕ್ಸ್ ಮುಲ್ಲರನು ಆರಂಭಿಸಿದ ಪ್ರಾಚ್ಯ ಪವಿತ್ರ ಗ್ರಂಥಮಾಲೆಯು 1879ರಿಂದ 1910ರವರೆಗೆ 50 ಸಂಪುಟಗಳಲ್ಲಿ ಹೊರಬಂದಿತು. ಉಪನಿಷತ್ತು, ಧಮ್ಮಪದ, ಜೈನಸೂತ್ರ, ಅವೆಸ್ತಾ, ಕುರಾನುಗಳನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಆ ಉಪಕಾರ ಚಿರಸ್ಮರಣೀಯ. ಅಲ್ಲಿ ವಚನಗಳಿಲ್ಲವೆಂದು ಆಕ್ಷೇಪಿಸುವುದು ಸಲ್ಲದು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಪ್ರಕಟವಾದುದೇ 1923ರಲ್ಲಿ. ಆದರೆ ಧರ್ಮವನ್ನು ಪ್ರಾಚೀನ ಗ್ರಂಥದಿಂದಲೇ ಅಳೆಯುವ ಆ ಅಳತೆಗೋಲನ್ನು ಇಂದಿನ ಪಠ್ಯಕ್ರಮವೂ ಹಿಡಿದರೆ, ಕಾಯಕ-ದಾಸೋಹಗಳಲ್ಲಿ ಬಾಳುವ ಧರ್ಮವು ಅಳತೆಗೆ ಸಿಕ್ಕದೆ ಉಳಿಯುತ್ತದೆ.

ಪದಸಾಮ್ಯವೂ ದಾರಿ ತಪ್ಪಿಸಬಲ್ಲದು. ‘ಶೂನ್ಯ’ ಶಬ್ದವನ್ನೇ ನೋಡಬಹುದು. ಹೇತುಪ್ರತ್ಯಯಗಳಿಂದ ಉಂಟಾಗುವ ಯಾವುದಕ್ಕೂ ಸ್ವಭಾವವಿಲ್ಲವೆಂಬುದು ನಾಗಾರ್ಜುನನ ಶೂನ್ಯತೆ. ಶರಣರ ಶೂನ್ಯವಾದರೋ ನಾಮರೂಪಗಳನ್ನು ಮೀರಿದ ಪರಶಿವತತ್ತ್ವ. ಸಾಧಕನು ಸಂಪಾದಿಸಬೇಕಾದ ನಿಲವು. ಇವೆರಡನ್ನೂ ಜೊತೆಯಲ್ಲಿ ಓದಿಸಿ, ಸಾಮ್ಯವು ಎಲ್ಲಿ ಮುಗಿಯುತ್ತದೆಂದು ವಿದ್ಯಾರ್ಥಿಯಿಂದಲೇ ಗುರುತಿಸಿಸುವುದು ನಿಜವಾದ ಪಾಠ.

ಇಂತಹ ಪಾಠಕ್ಕೆ ಬೇಕಾದ ಕ್ರಮವು ಕನ್ನಡದಲ್ಲಿಯೇ ಇದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಎಲ್ಲರನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸುವುದಿಲ್ಲ. ಅಣ್ಣನ ಅಗಲಿಕೆಯಲ್ಲಿರುವ ಮುಕ್ತಾಯಕ್ಕನೊಡನೆ ಅವನ ಮಾತಿನ ದಾರಿ ಒಂದು. ಕೆರೆ-ದೇಗುಲಗಳ ನಿರ್ಮಾಣದಲ್ಲಿ ತೊಡಗಿದ ಸೊನ್ನಲಿಗೆಯ ಸಿದ್ಧರಾಮನೊಡನೆ ಇನ್ನೊಂದು. ಎದುರಿಗಿರುವವರ ಸಾಧನೆಯಿಂದಲೇ ಪ್ರಶ್ನೆ ಹುಟ್ಟುತ್ತದೆ. ಮುಕ್ತಾಯಕ್ಕನಂತೂ ಸುಮ್ಮನೆ ಒಪ್ಪದೆ ಮರುಪ್ರಶ್ನೆಗಳನ್ನು ಒಡ್ಡುತ್ತಾಳೆ.

ಆದುದರಿಂದ ಹತ್ತು ಧರ್ಮಗಳ ಸಂಕ್ಷೇಪ ಪರಿಚಯಕ್ಕಿಂತ ಮೂರು ಧರ್ಮಗಳ ಪೂರ್ಣ ಪರಿಚಯ ಲೇಸು. ಪ್ರತಿಯೊಂದರ ಮಾತು, ಆಚರಣೆ, ಅದರೊಳಗಿನ ಸಂಶಯಗಳೂ ಪಾಠಕ್ಕೆ ಬರಲಿ. ವೀರಶೈವಕ್ಕೂ ಇದರಿಂದ ವಿನಾಯಿತಿ ಬೇಡ. ಅನುಭವಮಂಟಪದ ಪರಂಪರೆಯನ್ನು ಕೊಂಡಾಡುವವರು ಮರುಪ್ರಶ್ನೆಗೆ ಅಂಜಬೇಕಾಗಿಲ್ಲ.